ಪಾಳಿ ಬಿಟ್ಟ ಮೇಲಿನ ಹಾಡು

“ಚಾಚಿ, ಮಟಮಟ ಮಧ್ಯಾಹ್ನದಾಗ ಈ ಡಬ್ಬಿ ಯಾಕ ಗುಂಯ್‌ಗುಡಾಕತ್ತೈತಿ?”

ವಕೀಲೆ ವಿದ್ಯಾ ಇದನ್ನು ಎರಡನೆಯ ಸಲ ಕೇಳುತ್ತಿದ್ದಳು. ಪರದೆಯ ಆಚೆ ಅಡುಗೆಮನೆಯಲ್ಲಿ ಚಮನಬಿ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಆಂ? ಏನಂದಿ ಬೇಟಿ?” ಇಡೀ ಓಣಿಗೆ ಕೇಳುವಂಥ ದನಿ.

“ಕಂಪ್ಯೂಟರ್, ಚಾಚಿ! ಕಂಪ್ಯೂಟರ್!”

“ಅದಾ? ಅದು ಹಂಗ. ನಿಮ್ಮ ಚಾಚಾನ ತಮ್ಮ. ಕೆಲಸ ಇರಲಿ ಬಿಡಲಿ, ಗೊಣಗೂದು ಬಿಡಂಗಿಲ್ಲ.”

ವಿದ್ಯಾ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಪಣಜಿಯಿಂದ ತುಸು ದೂರದ ಸಾಂಕೋಲೆಯ ಕಾರ್ಖಾನೆಗಳ ಬೆನ್ನಿಗೆ, ಕೆಂಪು ಗುಡ್ಡಕ್ಕೆ ಅಂಟಿಕೊಂಡು ನಿಂತ ನಲವತ್ತು ಮನೆಗಳ ಓಣಿ ಅದು. ಅದರಲ್ಲಿ ಚಮನಬಿಯ ಗಂಡ, ಡಿಶ್ ಕೂರಿಸುವ ಯಾಕೂಬನ ಮನೆಯ ಮುಂದಿನ ಕೋಣೆಯೆಂದರೆ ಅರ್ಧ ಅಂಗಡಿ, ಅರ್ಧ ಗುಜರಿ. ಮೂಲೆಯ ಮೇಜಿನ ಮೇಲೆ ಪಕ್ಕದ ತಗಡು ಕಳಚಿದ ಹಳೆಯ ಕಂಪ್ಯೂಟರು. ಮಾಳಿಗೆಯ ಮೇಲಿನ ಡಿಶ್‌ನಿಂದ ಇಳಿದು ಬಂದ ಕರಿ ವಾಯರು ಅದರ ಹೊಟ್ಟೆಯೊಳಗೆ ಹೋಗಿತ್ತು. ಪಕ್ಕದಲ್ಲಿ ವೈಫೈ ಡಬ್ಬಿ. ಅದರ ಹಸಿರು ದೀಪ ಪಿಳಿಪಿಳಿ ಎನ್ನುತ್ತಿತ್ತು. ಕಂಪ್ಯೂಟರಿನ ಪರದೆಗೆ ಮಾತ್ರ ಯಾರೋ ಒದ್ದೆ ಟವೆಲ್ಲನ್ನು ಹೊದಿಸಿದ್ದರು, ಸತ್ತವರ ಮುಖಕ್ಕೆ ಹೊದಿಸಿದ ಹಾಗೆ.

ಹೋದ ವಾರ ಒಂದು ರಾತ್ರಿ ಈ ಓಣಿಯ ಹಿಂದಿನ ರಸ್ತೆಯಲ್ಲಿ, ಇಲ್ಲೇ ವಾಸವಿದ್ದ ಥಾವರಪ್ಪ ಮೇಸ್ತ್ರಿಯನ್ನು ಒಂದು ಗಾಡಿ ಹೊಡೆದು ಬೀಳಿಸಿ ಹೋಗಿತ್ತು. ಅವನಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಹೊಡೆದವನೆಂದು ಪೊಲೀಸರು ಒಯ್ದದ್ದು ಈ ಮನೆಯಲ್ಲೇ ಬೆಳೆದ ಪರ್ವೇಜನನ್ನು, ಯಾಕೂಬನ ಅಣ್ಣನ ಮಗನನ್ನು, ಟೆಂಪೋ ಓಡಿಸುವ ಹುಡುಗನನ್ನು. ನಾಳೆ ಮುಂಜಾನೆ ಅವನ ಜಾಮೀನಿನ ವಿಚಾರಣೆ.

ಅವನ ಪರ ನಿಂತವಳು ವಿದ್ಯಾ. ಆಸ್ಪತ್ರೆಯಲ್ಲಿ ಮಲಗಿದ ಥಾವರಪ್ಪ ಅವಳ ಸ್ವಂತ ಸೋದರಮಾವ.

ಅವಳ ತಾಯಿ ಹೇಮಿಬಾಯಿ, ಬೀಚಿನಲ್ಲಿ ಕನ್ನಡಿ ಹಚ್ಚಿದ ಚೀಲ ಮಾರಿ ಮಗಳನ್ನು ಕರಿ ಕೋಟಿನ ತನಕ ತಂದವಳು, ಆಸ್ಪತ್ರೆಯ ವರಾಂಡದಲ್ಲಿ ಒಂದೇ ಮಾತು ಅಂದಿದ್ದಳು: “ನನ್ನ ತಮ್ಮನ್ನ ಹೊಡದಾಂವಗ ವಕೀಲಿಕಿ ಮಾಡಾಕ ನಿನ್ನ ಓದಿಸಿದ್ನೇನ?” ಅಲ್ಲಿಂದೀಚೆಗೆ ಮಾತಿಲ್ಲ.

ವಿದ್ಯಾಳ ಬಳಿ ಇದ್ದದ್ದು ಮಾವನ ಕೊನೆಯ ಫೋನ್ ಕರೆ. ಅಂದು ಸಂಜೆ ಅವನು ಹೇಳಿದ್ದ: “ನಾಳೆ ಪಣಜಿಗೆ ಬರ್ತೀನವ್ವ. ಎರಡನೇ ಪಾಳಿ ಹೆಣ್ಮಕ್ಕಳು ಒಳಗ ಇರೂ ಮುಂದ ಮಜರ ಹೊರಗಿಂದ ಕೀಲಿ ಹಾಕತಾನಲ್ಲ, ಅದನ್ನ ಫೋನಿನಾಗ ಹಿಡದೀನಿ. ಕೀಲಿ, ಕೀಲಿ ಹಾಕಾಕತ್ತ ಕೈ, ಎರಡೂ ಕಾಣತಾವ. ಲೇಬರ್ ಸಾಹೇಬರ ಮುಂದ ಇಡೂಣು.”

ಮಜರ ಎಂದರೆ ಡಬ್ಬಿ ಕಾರ್ಖಾನೆಗೆ ಕೂಲಿ ಜನರನ್ನು ಒದಗಿಸುವ ಗುತ್ತಿಗೆದಾರ. ಬೆಂಕಿ ಹತ್ತಿದರೆ ಆ ಹೆಂಗಸರು ಓಡಲು ಇದ್ದದ್ದು ಒಂದೇ ಬಾಗಿಲು, ಅದಕ್ಕೇ ಬೀಗ. ಡಬ್ಬಿ ಕಳುವಾಗಬಾರದಲ್ಲ! ಡಬ್ಬಿಗೆ ಬೆಲೆಯಿತ್ತು.

ಮಾವನ ಜೊತೆಗೆ ಆ ಫೋನೂ ರಸ್ತೆಗೆ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ. ಅದಕ್ಕೇ ಅವಳ ಸಂಶಯ ಪರ್ವೇಜನ ಮೇಲಲ್ಲ, ಮಜರನ ಮೇಲಿತ್ತು.

ಚಮನಬಿ ಪರದೆ ಸರಿಸಿ ಚಹಾ ತಂದಳು. ಸೆರಗನ್ನು ಕಿವಿ ಮುಚ್ಚುವಂತೆ ತಲೆಗೆ ಬಿಗಿಯಾಗಿ ಹೊದ್ದಿದ್ದಳು. ಸೆಖೆಗೆ ಹಣೆಯ ಮೇಲೆ ಬೆವರು ಮೂಡಿತ್ತು.

“ಕುಡಿ. ಇಷ್ಟ ಒಣಗಿದ್ರ ನಾಳೆ ಜಡ್ಜ್ ಸಾಹೇಬರಿಗೆ ನಿನ್ನ ಮ್ಯಾಲೇ ಕರುಣಾ ಬರತೈತಿ, ನಮ್ಮ ಹುಡುಗನ ಮ್ಯಾಲಲ್ಲ.”

“ಚಾಚಿ, ಇನ್ನೊಮ್ಮೆ ಹೇಳ್ರಿ. ಅವತ್ತು ಪರ್ವೇಜ ಗಾಡಿ ತಗೊಂಡು ಹೋದದ್ದು ಯಾವಾಗ?”

“ಎಷ್ಟ ಸಲ ಹೇಳಲಿ? ರಾತ್ರಿ ಇಶಾ ನಮಾಜ್ ಮುಗಿಸಿ ಚಾಚಾ ಬಂದ್ರು, ಪರ್ವೇಜ ಉಂಡ, ಹೋದ. ಒಂಬತ್ತು ಆಗಿತ್ತು. ಗುಜರಿ ಕಬ್ಬಿಣ ತುಂಬಿತ್ತು, ಉಸಗಾಂವಕ್ಕ ಮುಟ್ಟಿಸಬೇಕಿತ್ತು, ತಾಸಿನ ಮ್ಯಾಲಿನ ದಾರಿ.”

ಇಲ್ಲೇ ಗಂಟು ಬಿದ್ದಿತ್ತು. ಒಂಬತ್ತಕ್ಕೆ ಟೆಂಪೋ ಓಣಿ ಬಿಟ್ಟದ್ದನ್ನು ಕಂಡವರು ಹತ್ತು ಮಂದಿ. ಕೊನೆಯ ಮನೆಯ ಮೋತಿಬಾಯಿ ಪೊಲೀಸರ ಮುಂದೆ ಹೇಳಿದ್ದಳು: ಸೀರಿಯಲ್ಲಿನ ಹಾಡು ಶುರುವಾಗಿತ್ತು, ಹಿಂದಿನ ರಸ್ತೆಯಲ್ಲಿ ದಡ್ ಎಂದು ಸದ್ದಾಯಿತು, ಹೊರಗೆ ಇಣುಕಿದರೆ ಓಡಿ ಹೋಗುವ ಗಾಡಿಯ ಕೆಂಪು ದೀಪ ಮಾತ್ರ ಕಂಡಿತು. ಆ ಸೀರಿಯಲ್ ಬರುವುದು ಒಂಬತ್ತಕ್ಕೆ. ಪೊಲೀಸರು ಎರಡನ್ನೂ ಸೇರಿಸಿ ಗಂಟು ಬಿಗಿದರು.

ಹತ್ತೂವರೆಯ ಹೊತ್ತಿಗೆ ಪರ್ವೇಜನ ಟೆಂಪೋ ಉಸಗಾಂವದ ತೂಕದ ಕಾಟಾದ ಮೇಲೆ ನಿಂತಿತ್ತು. ಅಲ್ಲಿನ ಕ್ಯಾಮೆರಾದಲ್ಲಿ ಅವನ ಮುಖ ಸ್ಪಷ್ಟವಾಗಿತ್ತು. ಅದರಿಂದೇನು? ಒಂಬತ್ತಕ್ಕೆ ಹೊಡೆದು ಹತ್ತೂವರೆಗೆ ಅಲ್ಲಿ ಮುಟ್ಟಬಹುದಲ್ಲ ಎಂದಿದ್ದರು.

ಮಜರನೋ, ಒಂಬತ್ತಕ್ಕೆ ಪಣಜಿಯ ಹೋಟೆಲಿನಲ್ಲಿ ಯಾರದೋ ಮದುವೆ ಊಟದಲ್ಲಿದ್ದ. ನೂರು ಫೋಟೋಗಳಲ್ಲಿ ಹಲ್ಲು ಕಿಸಿದಿದ್ದ.

ಥಾವರಪ್ಪ ಬಿದ್ದದ್ದು ಬೆಳಗಿನ ತನಕ ಯಾರಿಗೂ ತಿಳಿದಿರಲಿಲ್ಲ. ಸೈಕಲ್ಲಿನ ಮೇಲೆ ಪಾವ್ ಮಾರಿಕೊಂಡು ಬಂದ ಪೊದೇರ್, ನಸುಕಿನಲ್ಲಿ ಭೋಂಪು ಒತ್ತುತ್ತ ಬಂದವನು, ಅವನನ್ನು ಕಂಡು ಕೂಗಿಕೊಂಡಿದ್ದ. ಹಾಗಾಗಿ ಹೊತ್ತು ಗೊತ್ತಿದ್ದದ್ದು ಮೋತಿಬಾಯಿಯ ಕಿವಿಗೆ ಮಾತ್ರ.

“ಆ ಸೀರಿಯಲ್ ನೀವೂ ನೋಡ್ತಿದ್ರೇನ್ ಚಾಚಿ, ಅವತ್ತು?”

ಚಮನಬಿಯ ಮುಖ ಸಪ್ಪಗಾಯಿತು. “ಎಲ್ಲಿ ನೋಡ್ಲಿ? ನನ್ನ ಫೋನ್ ನೀರಿನ ಕೊಡದಾಗ ಬಿದ್ದು ಸತ್ತು ಹೋತು. ಆಮ್ಯಾಲೆ ಹುಡುಗನ್ನ ಒಯ್ದ್ರು. ನಿಮ್ಮ ಚಾಚಾ ಕಣ್ಣು ಕೆಂಪ ಮಾಡಿ, ‘ಮನಿ ಹುಡುಗ ಜೇಲಿನಾಗ ಅದಾನ, ಸೀರಿಯಲ್ ಹೆಸರೆತ್ತಿದ್ರ ನೋಡು’ ಅಂದ್ರು. ಆ ಸೀರಿಯಲ್ದಾಗಿನ ಚಂಪಾವತಿ ಮುಖ ನೋಡೇ ಇಲ್ಲ ನಾನು.” ನಿಟ್ಟುಸಿರು ಬಿಟ್ಟಳು. “ಪಾಪ, ಅಕಿಗೂ ಸುಖ ಇಲ್ಲ. ನಿನ್ನೆ ಆ ಅತ್ತಿ ಅಕಿನ್ನ ಕ್ವಾಣ್ಯಾಗ ಹಾಕಿ ಕೀಲಿ ಜಡದಾಳ. ನಮ್ಮ ಕಾರ್ಖಾನಿಯಾಗಿನಂಗ.”

ಕೀಲಿ ಎಂಬ ಮಾತಿಗೆ ವಿದ್ಯಾಳ ಮನಸ್ಸು ಮಾವನ ಕಡೆಗೆ ಹೋಯಿತು. ಆ ಮಾತಿನಲ್ಲಿ ಇನ್ನೇನೋ ತಪ್ಪಿದೆ ಎನ್ನಿಸಿತು, ಚಹಾದಲ್ಲಿ ಕಸ ತೇಲಿದ ಹಾಗೆ. ಹಿಡಿಯಲು ಹೋಗುವಷ್ಟರಲ್ಲಿ ಅದು ಮುಳುಗಿತು, ಯಾಕೆಂದರೆ ಚಮನಬಿ ನಿಲ್ಲಿಸಿರಲಿಲ್ಲ.

“ಮೊದಲ ಇಷ್ಟು ಚಂದ ಇದ್ದಿಲ್ಲ ಬಿಡು. ನಳದ ಮುಂದ ದಿನಾ ಜಗಳ. ಮನ್ಯಾಗ ಇದ್ದಾರು ಒಂಬತ್ತಕ್ಕ ನೋಡಿಬಿಡೋರು, ಮರುದಿನ ನೀರು ತುಂಬೂ ಮುಂದ ಎಲ್ಲಾ ಕಥಿ ಒದರೋರು. ಎರಡನೇ ಪಾಳಿ ಹುಡುಗ್ಯಾರು ಪಾಪ, ದುಡದು ಬಂದು ಹಳಸಿದ ಕಥಿ ನೋಡಬೇಕೇನು? ಒಂದಿನ ಕಾಳಿಬಾಯಿ ಕೊಡಾನ ಎತ್ತಿ ಒಗದಳು.”

“ಆಮ್ಯಾಲೆ?”

“ಆಮ್ಯಾಲೆ ಏನು, ಎಲ್ಲಾರೂ ಕೂಡಿ ನಿಮ್ಮ ಚಾಚಾಗ ಹೇಳಿದ್ರು. ಪಾಳಿಯವ್ರು ಮನಿಗಿ ಬರೂತನಕ ಅವತ್ತಿಂದು ಯಾರಿಗೂ ಬಿಡಬ್ಯಾಡ ಅಂತ. ಈ ಮಿಷನ್ ಒಂಬತ್ತಕ್ಕ ಡಿಶ್‌ನಿಂದ ಕಥಿ ಹಿಡದು ಇಟ್ಕೊಂತೈತಿ, ಚಾಚಾ ಪಾಳಿ ಬಸ್ ಬಂದ ಮ್ಯಾಲೆ ತೆರೀತಾರ. ಆಗ ನೋಡು, ನಲವತ್ತು ಮನ್ಯಾಗ ಒಮ್ಮೆಲೆ ಹಾಡು! ಮದುವಿ ಮನಿ ಆಗಿರತೈತಿ ಓಣಿ.”

ವಿದ್ಯಾ ಲೋಟವನ್ನು ಕೆಳಗಿಟ್ಟಳು.

“ಪಾಳಿ ಬಸ್ ಬರೂದು ಯಾವಾಗ ಚಾಚಿ?”

“ಹತ್ತೂವರಿ. ಯಾಕ?”

ಅಷ್ಟರಲ್ಲಿ ವಿದ್ಯಾ ಚಪ್ಪಲಿಯನ್ನೂ ಮೆಟ್ಟದೆ ಓಣಿಗೆ ಇಳಿದಿದ್ದಳು.

*

ಮೋತಿಬಾಯಿ ಕೊನೆಯ ಮನೆಯ ಕಟ್ಟೆಯ ಮೇಲೆ ಕೂತು, ಬೀಚಿಗೆ ಒಯ್ಯುವ ಚೀಲಕ್ಕೆ ಕನ್ನಡಿ ಹಚ್ಚುತ್ತಿದ್ದಳು. ವಿದ್ಯಾಳನ್ನು ಕಂಡು ಸೂಜಿ ನಿಲ್ಲಿಸಲಿಲ್ಲ.

“ಬಾ. ಮಾಮಾನ ಬಿಟ್ಟು ಸಾಬರ ಕೈ ಹಿಡದಾಕಿ.”

“ಬೈರಿ, ಆಮ್ಯಾಲೆ ಎಷ್ಟರ ಬೈರಿ. ಮೊದಲ ಒಂದು ಹೇಳ್ರಿ ಕಾಕಿ. ಅವತ್ತ ಹಾಡು ಎದರಾಗ ಕೇಳಿದ್ರಿ? ಟೀವಿಯಾಗೋ, ಫೋನಿನಾಗೋ?”

“ಟೀವಿ ಎಲ್ಲಿಂದ ಬರಬೇಕು? ಈ ಓಣ್ಯಾಗ ಕನ್ನಡ ಬರೂದು ಯಾಕೂಬನ ಡಿಶ್‌ನಾಗ ಅಷ್ಟ. ಉಳದಾರ ಟೀವಿಯಾಗ ಬರೇ ಹಿಂದಿ, ಕೊಂಕಣಿ. ಅಂವ ವೈಫೈಲೆ ಬಿಡತಾನ, ನಾವು ಫೋನಿನಾಗ ನೋಡತೀವಿ. ಸೊಸಿ ಕಾಳಿ ಪಾಳಿ ಬಿಟ್ಟು ಬರಬೇಕು, ಮುಖ ತೊಳಕೋಬೇಕು, ಆಮ್ಯಾಲೆ ಹಚ್ಚೂದು.”

“ಅವತ್ತ ಕಾಳಿ ಬಂದಿದ್ಲಾ?”

“ಬರದ ಹೆಂಗ ಹಚ್ಚಲಿ? ಅಕಿ ಉಣ್ಣಾಕ ಕುಂತಿದ್ಲು, ಹಾಡು ಸುರು ಆತು, ಅಷ್ಟರಾಗ ದಡ್ ಅಂತು.”

“ಮತ್ತ ಪೊಲೀಸರ ಮುಂದ ಒಂಬತ್ತು ಗಂಟೆ ಅಂದ್ರೆಲ್ಲ ಕಾಕಿ?”

ಸೂಜಿ ನಿಂತಿತು. ಮೋತಿಬಾಯಿಗೆ ಸಿಟ್ಟು ಬಂದಿತ್ತು. “ನಾ ಎಲ್ಲಿ ಅಂದೆ? ಅವ್ರು ಕೇಳಿದ್ದು, ಆ ಸೀರಿಯಲ್ ಎಷ್ಟಕ್ಕ ಬರತೈತಿ ಅಂತ. ಒಂಬತ್ತಕ್ಕ ಬರತೈತಿ ಅಂದೆ. ಸುಳ್ಳೇನು? ನೀ ಎಷ್ಟಕ್ಕ ನೋಡಿದಿ ಅಂತ ಒಬ್ಬನರ ಕೇಳಿದ್ನೇನು? ಕೇಳಿದ್ರ ಹೇಳತಿದ್ದೆ.”

ಕೇಳಿರಲಿಲ್ಲ. ಪಾಳಿಯ ಹೆಂಗಸರ ಸಂಜೆ ಯಾವಾಗ ಶುರುವಾಗುತ್ತದೆಂದು ಈ ಊರಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಊರಿಗೆಲ್ಲ ಸಂಜೆಯಾದಾಗ ಅವರು ಕೀಲಿ ಹಾಕಿದ ಬಾಗಿಲ ಹಿಂದೆ ಡಬ್ಬಿ ಒತ್ತುತ್ತಿರುತ್ತಾರೆ. ಅವರ ಮನರಂಜನೆಯೂ ಊರಿನ ಗಡಿಯಾರಕ್ಕೆ ಸರಿಯಾಗಿಯೇ ನಡೆಯುತ್ತದೆಂದು ಕುರ್ಚಿಯ ಮೇಲೆ ಕೂತವರು ಬರೆದುಕೊಂಡರು, ಆ ಬರಹಕ್ಕೆ ಒಬ್ಬ ಹುಡುಗ ಜೈಲು ಸೇರಿದ.

“ಕಾಕಿ, ನಾಳೆ ಕೋರ್ಟಿಗೆ ಬರ್ತೀರಾ? ಇದನ್ನ ಹಿಂಗ ಹೇಳ್ತೀರಾ?”

“ಹೇಳತೀನಿ. ಆದ್ರ ನಾ ಬಾಯಿಲೆ ಹೇಳಿದ್ರ ನಂಬತಾರೇನು? ನಿನ್ನ ಕಡೆದಾಕಿ, ನಿನ್ನ ತಾಂಡಾದಾಕಿ ಅಂತಾರ.” ದಾರವನ್ನು ಹಲ್ಲಿನಲ್ಲಿ ಕಡಿದಳು. “ಯಾಕೂಬನ ಮಿಷನ್ ಹೇಳಬೇಕು. ಅದಕ್ಕ ಜಾತಿ ಇಲ್ಲ.”

ವಿದ್ಯಾ ತಿರುಗಿ ಹೊರಟಾಗ ಬೆನ್ನ ಹಿಂದೆ ಮತ್ತೆ ಮಾತು ಬಂತು, ಈ ಸಲ ಮೆತ್ತಗೆ.

“ಅಲ್ಲವಾ, ಅಂದ್ರ... ಹೊಡದಾಂವ ಪರ್ವೇಜ ಅಲ್ಲೇನು?”

“ಹತ್ತೂವರಿಗೆ ಅವ ಉಸಗಾಂವದಾಗಿದ್ದ ಕಾಕಿ.”

“ಮಜರ ಎಲ್ಲಿದ್ದ?”

“ಅದನ್ನ ಇನ್ನ ಯಾರೂ ಕೇಳಿಲ್ಲ.”

*

ಅವಳು ಮರಳುವಷ್ಟರಲ್ಲಿ ಯಾಕೂಬ ಮನೆಗೆ ಬಂದಿದ್ದ. ಹೆಗಲ ಮೇಲಿನ ವಾಯರಿನ ಸುರುಳಿಯನ್ನು ಮೊಳೆಗೆ ತೂಗುಹಾಕಿ, ಕಂಪ್ಯೂಟರಿಗೆ ಬೆನ್ನು ಮಾಡಿ ಕೂತಿದ್ದ. ಕೂತದ್ದೋ, ಕಾಯುತ್ತಿದ್ದದ್ದೋ.

ವಿದ್ಯಾ ಎಲ್ಲವನ್ನೂ ಹೇಳಿದಳು. ಅವನ ಮುಖ ಅರಳುತ್ತದೆಂದು ಕಾದಳು. ಒಂದು ಕ್ಷಣ ಅರಳಿತು ಕೂಡ. ಮೇಲೆ ನೋಡಿ ಅಲ್ಲಾನನ್ನು ನೆನೆದ. ಆಮೇಲೆ ಯಾರೋ ದೀಪ ಆರಿಸಿದಂತಾಯಿತು.

“ಮೋತಿಬಾಯಿ ಹೇಳ್ತಾಳಲ್ಲ, ಸಾಕು.”

“ಸಾಕಾಗೂದಿಲ್ಲ ಚಾಚಾ. ಅವತ್ತಿನ ಕಂತು ನೀವು ಯಾವಾಗ ತೆರೆದ್ರಿ ಅನ್ನೂದು ಮಿಷನ್ನಿನಾಗ ಉಳದಿರತೈತಲ್ಲ?”

“ಉಳದಿರತೈತಿ.” ಅವನು ತಲೆ ತಗ್ಗಿಸಿದ. “ಯಾರ ಫೋನಿಗೆ ಹೋತು ಅನ್ನೂದೂ ಉಳದಿರತೈತಿ.”

“ಭಾಳ ಚಲೋ ಆತು! ನಾಳೆ ಅದನ್ನ ಎತ್ಕೊಂಡು ಹೋಗೂಣು. ನಾನ ರಿಕ್ಷಾ ತರ್ತೀನಿ.”

“ಬ್ಯಾಡ.”

“ಏನಂದ್ರಿ?”

“ಬ್ಯಾಡ ಅಂದೆ. ಮಿಷನ್ ಈ ಮನಿ ಬಿಟ್ಟು ಹೋಗಂಗಿಲ್ಲ.”

ಪರದೆಯ ಆಚೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ವಿದ್ಯಾ ದನಿ ತಗ್ಗಿಸಿದಳು.

“ಕೇಸ್ ಬೀಳತೈತಿ ಅಂತ ಅಂಜಿಕೇನು? ಪರವಾನಗಿ ಇಲ್ದ ಓಣಿಗೆಲ್ಲ ಹಂಚಿದೆ ಅಂತ?”

“ಅದೂ ಐತಿ.”

“ಬಿದ್ರ ನಾ ನೋಡ್ಕೋತೀನಿ. ಒಂದು ಡಿಶ್ ನಲವತ್ತು ಮನಿ ನಗಿಸಿದ್ದು ತಪ್ಪಂತ, ಹೆಣ್ಮಕ್ಕಳನ್ನ ಒಳಗ ಹಾಕಿ ಕೀಲಿ ಜಡಿಯೂದು ತಪ್ಪಲ್ಲಂತ, ಯಾವನ ಬಾಯಾಗ ಬರತೈತಿ ನಾನೂ ಕೇಳತೀನಿ. ಅಷ್ಟ ಅಲ್ಲ ಚಾಚಾ. ನೀವು ಇನ್ನೇನೋ ಮುಚ್ಚಿಡಾಕತ್ತೀರಿ.”

“ನಾನೇನ ಮುಚ್ಚಿಡ್ಲಿ?”

“ಮಿಷನ್ನಿನ ಮಾರಿ ಮುಚ್ಚೀರಲ್ಲ. ಅದನ್ನ.”

ಯಾಕೂಬ ಟವೆಲ್ಲಿನ ಕಡೆಗೆ ನೋಡಲಿಲ್ಲ. ನೋಡದೆ ಇರಲು ಅವನು ಪಟ್ಟ ಕಷ್ಟ ಮಾತ್ರ ಕಾಣಿಸಿತು.

“ನಾ ಬಂದಾಗಿಂದ ಗುಂಯ್ ಅನ್ನಾಕತ್ತೈತಿ,” ಎಂದಳು ವಿದ್ಯಾ. “ಗಂಡಸ್ರು ಕೆಲಸಕ್ಕ ಹೋಗ್ಯಾರ. ಮೊದಲನೇ ಪಾಳಿಯವ್ರು ಕಾರ್ಖಾನ್ಯಾಗ, ಎರಡನೇ ಪಾಳಿಯವ್ರು ಈಗಷ್ಟ ಬಸ್ ಹತ್ತಿದ್ರು. ಉಳದಾರು ಬೀಚಿನಾಗ. ಓಣಿ ಖಾಲಿ. ನಾ ಹೋಗಿ ಬರೂತನಕ ಮೋತಿಬಾಯಿ ಒಬ್ಬಾಕಿನ ಕಂಡ್ಲು, ಅಕಿ ಕೈಯಾಗ ಸೂಜಿ ಇತ್ತು. ಇಲ್ಲಿ ನೋಡಿದ್ರ ವೈಫೈ ದೀಪ ಕಣ್ಣು ಹೊಡ್ಯಾಕತ್ತೈತಿ. ಯಾರ ನೋಡಾಕತ್ತಾರ ಚಾಚಾ?”

ಹೊರಗೆ ಜಲ್ಲಿ ತುಂಬಿದ ಲಾರಿಯೊಂದು ಗುಡ್ಡ ಏರಿ ಹೋಯಿತು. ಮೊಳೆಗೆ ಹಾಕಿದ ವಾಯರು ತುಸು ನಡುಗಿ ಸುಮ್ಮನಾಯಿತು.

“ನಲವತ್ತು ಮನಿ ಬೇಟಿ,” ಎಂದ ಕೊನೆಗೆ. “ಒಂದೊಂದು ಫೋನನ್ನೂ ನಾನ ವೈಫೈಗೆ ಕೂಡಿಸೀನಿ. ಹೆಸರೂ ನಾನ ಹಾಕೀನಿ, ಕನ್ನಡದಾಗ. ಯಾರರ ನೋಡಾಕ ಕುಂತ್ರ ಇಲ್ಲಿ ಅವರ ಹೆಸರು ಬರತೈತಿ, ಬಾಜೂಕ ಹಸರು ಚುಕ್ಕಿ. ಹುಡುಗನ್ನ ಒಯ್ದು ಎರಡ ದಿನ ಆಗಿತ್ತು. ಮಧ್ಯಾಹ್ನ ಸುಮ್ನ ಪರದಿ ಹಚ್ಚಿದೆ. ಒಂದ ಹೆಸರು ಇತ್ತು.”

“ಯಾರದು?”

ಯಾಕೂಬ ಎದ್ದು ಟವೆಲ್ ಎತ್ತಿದ.

ಪರದೆಯ ಮೇಲೆ ಹೆಸರುಗಳ ಸಾಲು ಬೂದು ಬಣ್ಣದಲ್ಲಿ ಮಲಗಿತ್ತು. ಒಂದೇ ಒಂದು ಎಚ್ಚರವಾಗಿತ್ತು. ಅದರ ಪಕ್ಕದಲ್ಲಿ ಹಸಿರು ಚುಕ್ಕಿ. ಅದರ ಕೆಳಗೆ ಚಂಪಾವತಿಯ ಪುಟ್ಟ ಮುಖ.

ಥಾವರಪ್ಪ.

ವಿದ್ಯಾಳಿಗೆ ಒಂದು ಕ್ಷಣ ಮಾವನಿಗೆ ಎಚ್ಚರವಾಯಿತೇನೋ ಅನ್ನಿಸಿತು. ಎದೆ ಹಗುರಾಯಿತು. ಮರುಕ್ಷಣವೇ ತಣ್ಣಗಾಯಿತು. ಮಾವ ಎಷ್ಟೋ ಮೈಲಿ ದೂರದಲ್ಲಿ ನಳಿಕೆಗಳ ನಡುವೆ ಮಲಗಿದ್ದ. ಈ ಡಬ್ಬಿಯ ವೈಫೈ ಓಣಿ ದಾಟಿ ಹೋಗುವುದಿಲ್ಲ.

“ಫೋನ್ ಇಲ್ಲೇ ಐತಿ,” ಎಂದಳು.

“ಇಲ್ಲೇ ಐತಿ. ಈ ಓಣ್ಯಾಗ. ಒಳಗ ಸಿಮ್ ಇದ್ದಂಗಿಲ್ಲ, ಅದಕ್ಕ ಪೊಲೀಸರು ಬಂದ್ ಐತಿ, ಬಂದ್ ಐತಿ ಅಂತಾರ. ಮೊದಲ ಕೂಡಿಸಿದ ಫೋನ್ ನೋಡು, ಕೇಳದ ಹೇಳದ ತಾನ ಬಂದು ಕೂಡಿಕೊಂತೈತಿ.” ಯಾಕೂಬ ಕಣ್ಣೊರೆಸಿಕೊಂಡ. “ದಿನಾ ಮಧ್ಯಾಹ್ನ ಬರತೈತಿ. ನಾನೂ ದಿನಾ ಓಣಿ ಸುತ್ತೀನಿ. ಡಿಶ್ ನೋಡಾಕ ಬಂದೆ ಅಂತ ಒಂದೊಂದ ಬಾಗಿಲಿಗೂ ಕಿವಿ ಹಚ್ಚೀನಿ. ಎಲ್ಲೂ ಸಪ್ಪಳ ಇಲ್ಲ. ಎಲ್ಲಾ ನಮ್ಮವ್ರ. ಯಾರ ಮ್ಯಾಲೆ ಬೆರಳು ಮಾಡ್ಲಿ? ಈ ಮಿಷನ್ ಕೋರ್ಟಿಗೆ ಹೋತಂದ್ರ ಈ ಹೆಸರೂ ಹೋತು. ನಾಳೆ ಸಂಜಿಗೆ ನಲವತ್ತು ಮನ್ಯಾಗ ಪೊಲೀಸರು ಗಡಿಗಿ ಒಡದು ಹುಡುಕತಾರ. ಒಬ್ಬ ಹುಡುಗನ್ನ ಬಿಡಿಸಿ, ನಲವತ್ತು ಮನಿ ಒಳಗ ಹಾಕಸಲೇನು?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಇಂಥ ಓಣಿಗಳಿಗೆ ಪೊಲೀಸರು ಬಂದರೆ ಹೇಗೆ ಬರುತ್ತಾರೆಂದು ವಿದ್ಯಾ ಬಾಲ್ಯದಿಂದ ಕಂಡಿದ್ದಳು. ದೊಡ್ಡವರ ಬಾಗಿಲಿಗೆ ಬಂದಾಗ ಗಂಟೆ ಒತ್ತುತ್ತಾರೆ. ಇಲ್ಲಿ ಗಂಟೆಯಿಲ್ಲ, ಒದೆಯುತ್ತಾರೆ.

ಆದರೆ ಒಳಗೆ ಕೊಳೆಯುತ್ತಿದ್ದವನು ಪರ್ವೇಜ.

“ಪೊಲೀಸರು ಹುಡುಕೂ ಮೊದಲ ನಾವ ಹುಡುಕಿದ್ರ?” ಎಂದಳು.

“ಹೆಂಗ? ಹೇಳಿದ್ನೆಲ್ಲ, ಸಪ್ಪಳ ಇಲ್ಲ.”

“ನೋಡಾಕತ್ತಾರು ಸಪ್ಪಳ ಮಾಡಂಗಿಲ್ಲ ಚಾಚಾ. ಚಂದ ನಡದಿದ್ದು ನಡುವ ನಿಂತ್ರ ಸಪ್ಪಳ ಮಾಡ್ತಾರ.” ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. “ಇಲ್ಲಿ ಕುಂತು ಇದೊಂದು ಹೆಸರಿಂದು ಅಷ್ಟ ನಿಲ್ಲಸಾಕ ಬರತೈತೇನು?”

ಯಾಕೂಬ ಅವಳನ್ನು ಹೊಸದಾಗಿ ನೋಡುವಂತೆ ನೋಡಿದ.

“ಬರತೈತಿ.”

“ಹಂಗಾರ ನಾ ಓಣಿ ನಡುವ ನಿಲ್ಲತೀನಿ. ಸನ್ನಿ ಮಾಡಿದ ಕೂಡ್ಲೆ ಒತ್ತ್ರಿ. ಖಾಲಿ ಓಣಿ, ಯಾರರ ಗೊಣಗಿದ್ರ ಕೇಳತೈತಿ.”

ಅವಳು ಹೊಸ್ತಿಲಿನಾಚೆ ಕಾಲಿಟ್ಟಳು. ಎರಡೂ ಕಡೆ ಮುಚ್ಚಿದ ಬಾಗಿಲುಗಳು. ತಂತಿಯ ಮೇಲೆ ಒಣಗುವ ಬಟ್ಟೆಗಳು. ನಳದ ಕೆಳಗೆ ಪಾಳಿ ಹಚ್ಚಿದ ಕೊಡಗಳು. ದೂರದ ಕಾರ್ಖಾನೆಯೊಂದರ ಗಡಗಡ. ಇಷ್ಟರಲ್ಲಿ ಒಂದು ಬಾಗಿಲ ಹಿಂದೆ ಅವಳ ಮಾವನ ಫೋನು. ಆ ಫೋನಿನೊಳಗೆ ಒಂದು ಬೀಗ, ಬೀಗ ಹಾಕುವ ಒಂದು ಕೈ.

ಅವಳು ತಿರುಗಿ ತಲೆ ಆಡಿಸಿದಳು.

ಯಾಕೂಬ ಬೆರಳೊತ್ತಿದ. ಹಸಿರು ಚುಕ್ಕಿ ಆರಿತು.

ಓಣಿಯಲ್ಲಿ ಏನೂ ಕೇಳಿಸಲಿಲ್ಲ. ಒಂದು ನಾಯಿ ಎದ್ದು ನೆರಳು ಬದಲಿಸಿ ಮಲಗಿತು. ವಿದ್ಯಾ ಉಸಿರು ಹಿಡಿದು ನಿಂತಳು.

“ಹಾಳಾದ್ದು! ಈಗ ಅಕಿ ಬಾಗಿಲ ಒಡೀತಿದ್ಲಲ್ಲ, ಈಗ ನಿಲ್ಲಬೇಕಾ ಇದು!”

ಇಡೀ ಓಣಿಗೆ ಕೇಳುವ ದನಿ. ಅದು ಬಂದದ್ದು ಓಣಿಯಿಂದಲ್ಲ. ಅವಳ ಬೆನ್ನ ಹಿಂದಿನಿಂದ, ಪರದೆಯ ಆಚೆಯಿಂದ.

ಚಹಾದಲ್ಲಿ ಮುಳುಗಿದ್ದ ಕಸ ಆಗ ಮೇಲೆ ಬಂತು. ವಾರದಿಂದ ಚಂಪಾವತಿಯ ಮುಖ ನೋಡದವಳಿಗೆ, ನಿನ್ನೆ ಅವಳನ್ನು ಕೋಣೆಯಲ್ಲಿ ಕೂಡಿ ಹಾಕಿದ್ದು ಹೇಗೆ ಗೊತ್ತು?

ಯಾಕೂಬ ಕುರ್ಚಿಯ ಅಂಚಿನಲ್ಲಿ ಕಲ್ಲಾಗಿದ್ದ. ಒತ್ತಿದ ಬೆರಳು ಹಾಗೇ ಗಾಳಿಯಲ್ಲಿತ್ತು. ನಲವತ್ತು ಬಾಗಿಲಿಗೆ ಕಿವಿ ಹಚ್ಚಿದವನು, ತನ್ನದನ್ನು ಬಿಟ್ಟಿದ್ದ.

ವಿದ್ಯಾ ಒಳಗೆ ಬಂದು ಪರದೆ ಸರಿಸಿದಳು. ಯಾಕೂಬ ಎದ್ದು ಅವಳ ಬೆನ್ನಿಗೆ ಬಂದು ನಿಂತ.

ಚಮನಬಿ ಒಲೆಯ ಮುಂದೆ ಕೂತಿದ್ದಳು. ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನನ್ನು, ಹಿಟ್ಟು ಮೆತ್ತಿದ ಬೆರಳಿನಿಂದ ಕುಟ್ಟುತ್ತಿದ್ದಳು. ಸೆರಗು ಜಾರಿ, ಕಿವಿಯಿಂದ ಇಳಿದ ಬಿಳಿ ವಾಯರು ಕಾಣುತ್ತಿತ್ತು. ತಲೆ ಎತ್ತಿದಳು. ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಮೊದಲು ನಗಲು ನೋಡಿದಳು.

“ಆಯ್ತ್‌ರೀ, ಬೈರಿ. ಹುಡುಗ ಜೇಲಿನಾಗ ಅದಾನ, ನಾ ಸೀರಿಯಲ್ ನೋಡಾಕತ್ತೀನಿ. ಏನ್ ಮಾಡ್ಲಿ? ಒಬ್ಬಾಕಿ ಕುಂತ್ರ ಅಳು ಬರತೈತಿ. ಅದಕ್ಕ ಹಳೇವು ಹಚ್ಚಿಕೊಂಡು ಕುಂಡ್ರತೀನಿ.”

ಯಾರೂ ಬೈಯಲಿಲ್ಲ. ಆ ನಗು ನಿಧಾನವಾಗಿ ಮುಖ ಬಿಟ್ಟು ಹೋಯಿತು.

“ಏನಾತು? ಯಾಕ ಹಂಗ ನೋಡಾಕತ್ತೀರಿ ಇಬ್ರೂ?”

“ಚಾಚಿ,” ಎಂದಳು ವಿದ್ಯಾ. ತನ್ನ ದನಿ ಇಷ್ಟು ಶಾಂತವಾಗಿರುವುದು ಅವಳಿಗೇ ವಿಚಿತ್ರವೆನ್ನಿಸಿತು. “ಈ ಫೋನ್ ನಿಮಗ ಯಾರು ಕೊಟ್ರು?”

“ಪರ್ವೇಜ ಕೊಟ್ಟ. ನಂದು ಕೊಡದಾಗ ಬಿದ್ದಿತ್ತಲ್ಲ. ಪೊಲೀಸರು ಒಯ್ದ ದಿನಾ ಮುಂಜಾನಿ, ಉಸಗಾಂವದಿಂದ ಬಂದು ಗಾಡಿ ನಿಲ್ಲಿಸಿದಾಂವನ ಇದನ್ನ ಕೈಯಾಗಿಟ್ಟ. ‘ಸಿಮ್ ಇಲ್ಲ ಚಾಚಿ, ಸೀರಿಯಲ್ಲಿಗೆ ಸಾಕು’ ಅಂದ. ಯಾರದೋ ಹಳೇದು ತಂದಾನ ಅನಕೊಂಡೆ.”

ಯಾಕೂಬ ತಿರುಗಿ ಕಂಪ್ಯೂಟರಿನಲ್ಲಿನ ಆ ಹೆಸರನ್ನು ನೋಡಿದ.

ಹೊರಕೋಣೆಯಲ್ಲಿ ಕಂಪ್ಯೂಟರ್ ಗುಂಯ್‌ಗುಡುತ್ತಲೇ ಇತ್ತು. ನಾಳೆ ಅದನ್ನು ಕೋರ್ಟಿಗೆ ಒಯ್ದರೆ, ಹಾಡು ಶುರುವಾದ ಹೊತ್ತನ್ನು ಅದು ಹೇಳುತ್ತದೆ, ಪರ್ವೇಜ ಬದುಕುತ್ತಾನೆ. ಅದೇ ಉಸಿರಿನಲ್ಲಿ ಥಾವರಪ್ಪನ ಫೋನು ಪರ್ವೇಜನ ಮನೆಯಲ್ಲಿತ್ತೆಂದೂ ಹೇಳುತ್ತದೆ. ಮನೆಯಲ್ಲೇ ಬಿಟ್ಟರೆ ಮೋತಿಬಾಯಿಯ ಬಾಯಿಮಾತು ಮಾತ್ರ ಉಳಿಯುತ್ತದೆ, ಬೀಗದ ಬಾಗಿಲು ಹಾಗೇ ಇರುತ್ತದೆ.

ಉಸಗಾಂವದಲ್ಲಿದ್ದವನ ಕೈಗೆ ಸಾಂಕೋಲೆಯಲ್ಲಿ ಬಿದ್ದವನ ಫೋನು ಹೇಗೆ ಬಂತು? ಪರ್ವೇಜನ ಟೆಂಪೋಗೆ ದಿನವೂ ಬಾಡಿಗೆ ಕೊಡುತ್ತಿದ್ದವನು ಮಜರ. ಇದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಇವತ್ತಿನ ತನಕ ಅದು ಒಂದು ಸಂಗತಿ ಎನ್ನಿಸಿರಲಿಲ್ಲ.

ವಿದ್ಯಾ ಕೈ ಚಾಚಿದಳು. “ಇಲ್ಲಿ ಕೊಡ್ರಿ ಚಾಚಿ.”

ಚಮನಬಿ ಕೊಡಲಿಲ್ಲ. ಫೋನನ್ನು ಎದೆಗವಚಿಕೊಂಡಳು. ಹಿಟ್ಟು ರವಿಕೆಗೆ ಮೆತ್ತಿತು. ಒಮ್ಮೆ ಗಂಡನ ಮುಖವನ್ನು, ಒಮ್ಮೆ ವಿದ್ಯಾಳ ಮುಖವನ್ನು ನೋಡಿದಳು.

“ಬೇಟಿ, ಆ ಹುಡುಗ ಇನ್ನೊಂದು ಮಾತೂ ಹೇಳಿದ್ದ. ನನಗ ಆಗ ತಿಳೀಲಿಲ್ಲ. ನೀನು ಬೈತೀ ಅಂತ ಇರಬೇಕು ಅನಕೊಂಡು ಸುಮ್ನಾದೆ.”

“ಏನಂದಿದ್ದ?”

“‘ಚಾಚಾಗ ಗೊತ್ತಾದ್ರೂ ಅಡ್ಡಿ ಇಲ್ಲ, ಪೊಲೀಸರಿಗೆ ಗೊತ್ತಾದ್ರೂ ಅಡ್ಡಿ ಇಲ್ಲ,’ ಅಂದ. ‘ಇದು ವಿದ್ಯಕ್ಕನ ಕಣ್ಣಿಗೆ ಮಾತ್ರ ಬೀಳಬಾರದು ಚಾಚಿ. ಇದರಾಗ ಇರೂದನ್ನ ಅಕಿ ನೋಡಬಾರದು.’”

ಕೀಲಿ ಹಾಕುವ ಆ ಕೈ ಮಜರನದೇ ಎಂಬುದನ್ನು ವಿದ್ಯಾ ಇಷ್ಟು ದಿನ ಒಮ್ಮೆಯೂ ಅನುಮಾನಿಸಿರಲಿಲ್ಲ.